ಬಿದ್ದ ಮಳೆ ಫೈಲಿನಲ್ಲಿ ಕಾಣಲಿಲ್ಲ: ಎಕ್ಸ್‌ಅರೇ ಡೇಟಾ ಸೇವ್ ಮಾಡುವಾಗ ಬರುವ ಡಿಟೈಪ್ ದೋಷ ಹುಡುಕುವುದು ಹೇಗೆ

ಪಿಜಿ ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿಯೊಬ್ಬಳು ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ದಾವಣಗೆರೆಯ ನಮ್ಮ ಮನೆಗೆ ಬಂದಳು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರಿ ಹನ್ನೆರಡು ತಾಲೂಕುಗಳ ದಿನದ ಮಳೆ ಲೆಕ್ಕ ಅವಳ ವಿಷಯ. ಲೆಕ್ಕವೆಲ್ಲ ಪೈಥಾನ್ ಭಾಷೆಯ ಎಕ್ಸ್‌ಅರೇ ಲೈಬ್ರರಿಯಲ್ಲಿ. "ಮೇಡಂ, ಅಕ್ಟೋಬರ್‌ನಲ್ಲಿ ಚಳ್ಳಕೆರೆ ಕಡೆ ಮಳೆನೇ ಇಲ್ಲ ಅಂತ ಬರ್ತಿದೆ. ಆದ್ರೆ ಆ ವಾರ ನಮ್ಮಪ್ಪ ಕಿತ್ತು ಹೊಲದಲ್ಲೇ ಬಿಟ್ಟಿದ್ದ ಶೇಂಗಾ ನೆನೆದು ಕಾಯಿಗೆ ಮೊಳಕೆ ಬಂದಿತ್ತು. ನಾನೇ ಕಣ್ಣಾರೆ ನೋಡಿದ್ದೀನಿ" ಅಂದಳು.

ಪ್ರೋಗ್ರಾಂ ಎಲ್ಲೂ ನಿಂತಿರಲಿಲ್ಲ. ಎರರ್ ಇಲ್ಲ, ಕೆಂಪು ಅಕ್ಷರ ಇಲ್ಲ. ಸೇವ್ ಮಾಡುವ ಮುಂಚೆ ಬರೆದ ಗ್ರಾಫ್‌ನಲ್ಲಿ ಮಳೆ ಇತ್ತು. ಅದೇ ಡೇಟಾ ಸೇವ್ ಮಾಡಿ, ಮತ್ತೆ ತೆರೆದರೆ ಇಲ್ಲ. ಅಂದರೆ ಮಳೆ ಕಳೆದುಹೋಗಿದ್ದು ಫೈಲಿಗೆ ಬರೆಯುವ ಹೊತ್ತಿನಲ್ಲಿ.

ಇಂಥ ದೋಷ ನನ್ನ ಕೈಗೆ ಸಾಕಷ್ಟು ಸಲ ಸಿಕ್ಕಿದೆ. ಹೆಚ್ಚಿನವರು ಮೊದಲು ಡೇಟಾವನ್ನೇ ಅನುಮಾನಿಸುತ್ತಾರೆ, ಆಮೇಲೆ ತಮ್ಮ ಲೆಕ್ಕವನ್ನು. ಡಿಟೈಪ್ ಅಂದರೆ ಒಂದು ಬೆಲೆಯನ್ನು ಕಂಪ್ಯೂಟರ್ ಯಾವ ಬಗೆಯಾಗಿ ಇಟ್ಟಿದೆ ಅನ್ನುವುದು: ಪೂರ್ಣಾಂಕವೋ, ದಶಮಾಂಶವೋ, ಅಕ್ಷರವೋ. ಆ ಕಡೆ ನೋಡುವಷ್ಟರಲ್ಲಿ ಎರಡು ದಿನ ಹೋಗಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪರದೆ ಮೇಲೆ ಕಂಡದ್ದೇ ಫೈಲಿಗೆ ಹೋಗುತ್ತದೆ ಅಂತ ನಂಬಬೇಡಿ. ಮಧ್ಯದಲ್ಲಿ ಒಂದು ತರ್ಜುಮೆ ನಡೆಯುತ್ತದೆ. ತಪ್ಪು ಬಹಳ ಸಲ ಅಲ್ಲೇ ಇರುತ್ತದೆ.

ಮೊದಲು ನೋಡಬೇಕಾದ್ದು

ನಂಪೈ ಅನ್ನುವುದು ಪೈಥಾನ್‌ನ ಅಂಕಿ ಲೆಕ್ಕದ ಲೈಬ್ರರಿ. ಅದರ ಅರೇಯಲ್ಲಿ ಬರೀ ಅಂಕಿಗಳ ಸಾಲು ಇರುತ್ತದೆ. ಎಕ್ಸ್‌ಅರೇ ಅದಕ್ಕೆ ಹೆಸರು ಹಚ್ಚುತ್ತದೆ: ಇದು ದಿನಾಂಕ, ಇದು ಅಕ್ಷಾಂಶ, ಇದು ತಾಲೂಕು ಅಂತ. ಇದನ್ನು ಸೇವ್ ಮಾಡಲು ಸಾಮಾನ್ಯವಾಗಿ ನೆಟ್‌ಸಿಡಿಎಫ್ ಅನ್ನುವ, ಹವಾಮಾನದ ಡೇಟಾಗೆ ಬಳಕೆಯಲ್ಲಿರುವ ಬಗೆಯ ಫೈಲ್ ಬಳಸುತ್ತೇವೆ. ಹೀಗಾಗಿ ಒಂದು ವೇರಿಯಬಲ್‌ಗೆ ಡಿಟೈಪ್ ಮೂರು ಕಡೆ ಇರುತ್ತದೆ. ಮೆಮೊರಿಯಲ್ಲಿರುವ ಡಿಟೈಪ್ ಒಂದು. ಅದೇ ವೇರಿಯಬಲ್‌ನ ಎನ್‌ಕೋಡಿಂಗ್ ಡಿಕ್ಷನರಿಯಲ್ಲಿ, ಅಂದರೆ ಫೈಲಿಗೆ ಹೇಗೆ ಬರೆಯಬೇಕು ಅಂತ ಎಕ್ಸ್‌ಅರೇ ಇಟ್ಟುಕೊಳ್ಳುವ ಪಟ್ಟಿಯಲ್ಲಿ, ಬರೆದಿರುವ ಡಿಟೈಪ್ ಇನ್ನೊಂದು. ಫೈಲಿನೊಳಗೆ ನಿಜವಾಗಿ ಕೂತಿರುವ ಡಿಟೈಪ್ ಮೂರನೆಯದು. ಮೂರೂ ಒಂದೇ ಆಗಿರಬೇಕು ಅಂತೇನಿಲ್ಲ. ಬೇರೆಯಾಗಿದ್ದರೆ ಯಾಕೆ ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.

ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ನೋಡುವವರು ಕಮ್ಮಿ. ಡೇಟಾಸೆಟ್ ಪ್ರಿಂಟ್ ಮಾಡಿದರೆ ಎನ್‌ಕೋಡಿಂಗ್ ಕಾಣುವುದೇ ಇಲ್ಲ. ವೇರಿಯಬಲ್ ಹೆಸರಿನ ಮುಂದೆ ಚುಕ್ಕಿ ಇಟ್ಟು ಎನ್‌ಕೋಡಿಂಗ್ ಅಂತ ಬರೆದು, ಬೇಕೆಂದೇ ಕೇಳಬೇಕು. ಮೂರನೆಯದಕ್ಕೆ ಎನ್‌ಸಿಡಂಪ್ ಎಂಬ ಸಣ್ಣ ಕಮಾಂಡ್ ಇದೆ. ಅದಕ್ಕೆ ಅಡ್ಡಗೆರೆ ಎಚ್ ಸೇರಿಸಿದರೆ ಫೈಲಿನ ತಲೆಬರಹ ಮಾತ್ರ ತೋರಿಸುತ್ತದೆ. ಅಡ್ಡಗೆರೆ ಕೆ ಸೇರಿಸಿದರೆ ಫೈಲ್ ಯಾವ ಜಾತಿಯದು ಅಂತ ಹೇಳುತ್ತದೆ, ಹಳೆಯ ಕ್ಲಾಸಿಕ್ಕೋ, ನೆಟ್‌ಸಿಡಿಎಫ್-4 ಬಗೆಯದೋ. ಇದು ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತು. ಪರೀಕ್ಷೆ ಮಾಡುವಾಗ ಪೈಥಾನ್ ಮುಚ್ಚಿ ಹೊಸದಾಗಿ ತೆರೆಯಿರಿ. ಹಳೆಯ ಸೆಷನ್‌ನಲ್ಲಿ ಹಳೆಯ ವೇರಿಯಬಲ್ಲೇ ಉಳಿದುಕೊಂಡು, ಎಲ್ಲ ಸರಿಯಾಗಿದೆ ಅಂತ ಅನಿಸಿಬಿಡುತ್ತದೆ.

ಜನವರಿಯ ಪಾವಿನಲ್ಲಿ ಅಕ್ಟೋಬರ್ ಕಾಳು

ಹುಡುಗಿಯ ಮಳೆ ಕಳೆದದ್ದು ಎನ್‌ಕೋಡಿಂಗ್‌ನಲ್ಲಿ. ಇದನ್ನು ನಿಧಾನವಾಗಿ ಹೇಳುತ್ತೇನೆ. ಎಲ್ಲ ಡಿಟೈಪ್ ದೋಷಗಳಲ್ಲೂ ಇದೇ ಹೆಚ್ಚು ಅಪಾಯದ್ದು ಅಂತ ನನ್ನ ಅಭಿಪ್ರಾಯ.

ಹವಾಮಾನದ ಫೈಲುಗಳನ್ನು ಚಿಕ್ಕದು ಮಾಡಲು ಒಂದು ಉಪಾಯ ಇದೆ. ದಶಮಾಂಶ ಅಂಕಿಗಳನ್ನು ಹಾಗೇ ಇಡದೆ ಇಂಟ್16 ಅನ್ನುವ 2 ಬೈಟ್‌ನ ಪೂರ್ಣಾಂಕಗಳಾಗಿ ಇಡುತ್ತಾರೆ. ಜೊತೆಗೆ ಎರಡು ಅಂಕಿ ಬರೆದಿಡುತ್ತಾರೆ: ಸ್ಕೇಲ್ ಫ್ಯಾಕ್ಟರ್ ಮತ್ತು ಆ್ಯಡ್ ಆಫ್‌ಸೆಟ್. ಓದುವಾಗ ಫೈಲಿನ ಪೂರ್ಣಾಂಕವನ್ನು ಸ್ಕೇಲ್ ಫ್ಯಾಕ್ಟರ್‌ನಿಂದ ಗುಣಿಸಿ, ಆಫ್‌ಸೆಟ್ ಕೂಡಿಸಿದರೆ ನಿಜವಾದ ಬೆಲೆ ಬರುತ್ತದೆ. ಇಂಟ್16 ಹಿಡಿಯುವುದು −32768ರಿಂದ 32767ರ ತನಕ. ಒಟ್ಟು 65536 ಮನೆ. ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಅವಳ ಹತ್ತಿರ ಹನ್ನೆರಡು ತಿಂಗಳಿಗೆ ಹನ್ನೆರಡು ಫೈಲ್ ಇದ್ದವು. ಪ್ರತಿ ಫೈಲಿನ ಸ್ಕೇಲ್ ಫ್ಯಾಕ್ಟರ್ ಬೇರೆ. ಆ ತಿಂಗಳ ಅತಿ ಕಮ್ಮಿ, ಅತಿ ಹೆಚ್ಚು ಮಳೆ ನೋಡಿ ಅದನ್ನು ಲೆಕ್ಕ ಹಾಕಿರುತ್ತಾರೆ. ನಮ್ಮ ಕಡೆ ಜನವರಿಯಲ್ಲಿ ಮಳೆ ಎಲ್ಲಿದೆ? ಹಾಗಾಗಿ ಜನವರಿ ಫೈಲಿನ ಅಳತೆ ಬಹಳ ಸಣ್ಣದು. ಸ್ಕೇಲ್ ಫ್ಯಾಕ್ಟರ್ 0.0002, ಆಫ್‌ಸೆಟ್ 6. ಲೆಕ್ಕ ಹಾಕಿ ನೋಡಿ, ಇದರಲ್ಲಿ ಹಿಡಿಸುವ ಅತಿ ಹೆಚ್ಚು ಮಳೆ 12.5534 ಮಿಲಿಮೀಟರ್. ಜನವರಿಗೆ ಅದು ಧಾರಾಳವಾಗಿ ಸಾಕು.

ಅವಳು ಹನ್ನೆರಡನ್ನೂ ಒಟ್ಟಿಗೆ ತೆರೆದಳು, ಓಪನ್ ಎಂಎಫ್ ಡೇಟಾಸೆಟ್ ಬಳಸಿ. ಓದಿದ್ದು ಸರಿಯಾಗಿಯೇ ಇತ್ತು. ಪ್ರತಿ ಫೈಲನ್ನು ಅದರದೇ ಅಳತೆಯಲ್ಲಿ ಎಕ್ಸ್‌ಅರೇ ಬಿಡಿಸಿತ್ತು. ಗ್ರಾಫ್ ಸರಿ ಬಂದದ್ದು ಅದಕ್ಕೇ. ಆದರೆ ಸೇರಿಸಿದ ಡೇಟಾಗೆ ಎನ್‌ಕೋಡಿಂಗ್ ಅಂತ ಉಳಿದದ್ದು ಮೊದಲ ಫೈಲಿನದು, ಜನವರಿಯದು. ಸೇವ್ ಮಾಡಿದಾಗ ಇಡೀ ವರ್ಷದ ಮಳೆಯನ್ನು ಜನವರಿಯ ಅಳತೆಯಲ್ಲಿ ಅಳೆದು ತುಂಬಿತು. ಪಾವಿನಲ್ಲಿ ಕೊಳಗದ ಕಾಳು ತುಂಬಿದ ಹಾಗೆ. ಚೆಲ್ಲಿಹೋದದ್ದು ಲೆಕ್ಕಕ್ಕೇ ಬರಲಿಲ್ಲ.

ಅಕ್ಟೋಬರ್‌ನ ಒಂದು ದಿನ ತೆಗೆದುಕೊಳ್ಳಿ. ಮೂಲ ಫೈಲಿನಲ್ಲಿ 40 ಮಿಲಿಮೀಟರ್ ಇತ್ತು. 40ರಿಂದ 6 ಕಳೆದರೆ 34. ಅದನ್ನು 0.0002ರಿಂದ ಭಾಗಿಸಿದರೆ 1,70,000. ಇಂಟ್16ರಲ್ಲಿ ಇಷ್ಟು ದೊಡ್ಡ ಅಂಕಿಗೆ ಜಾಗ ಇಲ್ಲ. ನಾವು ಸಾಮಾನ್ಯವಾಗಿ ಬಳಸುವ ಕಂಪ್ಯೂಟರ್‌ಗಳಲ್ಲಿ ಆಗ ಅಂಕಿ ಸುತ್ತಿ ಹಿಂದಕ್ಕೆ ಬರುತ್ತದೆ. ಹಳೆ ಸ್ಕೂಟರ್ ಮೀಟರ್ 99999 ಆದ ಮೇಲೆ 00000 ಆಗುತ್ತಿತ್ತಲ್ಲ, ಹಾಗೆ. 1,70,000ದಿಂದ 65536 ಅನ್ನು ಮೂರು ಸಲ ಕಳೆದರೆ ಉಳಿಯುವುದು −26608. ಫೈಲಿಗೆ ಹೋದದ್ದು ಇದು. ಮತ್ತೆ ಓದಿದಾಗ −26608 × 0.0002 + 6. ಉತ್ತರ 0.6784 ಮಿಲಿಮೀಟರ್.

40 ಮಿಲಿಮೀಟರ್ ಮಳೆ 0.68 ಆಯಿತು! ಮೈನಸ್ ಬಂದಿದ್ದರೆ ಯಾರಾದರೂ ನೋಡುತ್ತಿದ್ದರು. 0.68 ಅಂದರೆ ಚಳ್ಳಕೆರೆ ಕಡೆ ಮಾಮೂಲಿ ವಿಷಯ. ಸಂಶಯವೇ ಬರುವುದಿಲ್ಲ. ಹೊಲದಲ್ಲಿ ನೆನೆದ ಶೇಂಗಾ ನೋಡಿದವಳು ಅಂತ ಅವಳಿಗೆ ಬಂತು.

ಈ ದೋಷ ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳಲು ಒಂದು ಒಳ್ಳೆಯ ಗುರುತು ಇದೆ. ಸರಿ ಬೆಲೆಯಿಂದ ತಪ್ಪು ಬೆಲೆ ಕಳೆಯಿರಿ. ಆ ವ್ಯತ್ಯಾಸವನ್ನು 65536 × ಸ್ಕೇಲ್ ಫ್ಯಾಕ್ಟರ್‌ನಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 65536 × 0.0002 ಅಂದರೆ 13.1072. ವ್ಯತ್ಯಾಸ 39.3216. ಭಾಗಿಸಿದರೆ ಸರಿಯಾಗಿ 3. ಬೇರೆ ದಿನಗಳಿಗೂ ಹೀಗೇ 1, 2, 3 ಅಂತ ಪೂರ್ಣಾಂಕ ಬರುತ್ತಿದ್ದರೆ ಮುಗಿಯಿತು, ಕಳ್ಳ ಸಿಕ್ಕಿದ. ಮೂಲ ಬೆಲೆಯನ್ನೇ ಒಂದಿಷ್ಟು ದುಂಡಾಗಿಸಿ ಇಟ್ಟಿರುವುದರಿಂದ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಬರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇದರಲ್ಲಿ ಇನ್ನೊಂದು ಗೋಜಲು ಇದೆ. ಅವಳ ಸಹಪಾಠಿ ಇದೇ ಫೈಲುಗಳಿಂದ ಇದೇ ಕೆಲಸ ಮಾಡಿದ್ದ, ಅವನಿಗೆ ಸರಿ ಬಂದಿತ್ತು. ಯಾಕೆ? ಅವನು ಮಧ್ಯದಲ್ಲಿ ಮಿಲಿಮೀಟರನ್ನು ಸೆಂಟಿಮೀಟರ್ ಮಾಡಲು 10ರಿಂದ ಭಾಗಿಸಿದ್ದ. ಎಕ್ಸ್‌ಅರೇಯಲ್ಲಿ ಗುಣಿಸು, ಭಾಗಿಸು, ಕೂಡು ಅಂತ ಯಾವುದೇ ಲೆಕ್ಕ ಮಾಡಿದರೂ ಹೊಸ ವೇರಿಯಬಲ್ ಹುಟ್ಟುತ್ತದೆ. ಹಳೆಯ ಎನ್‌ಕೋಡಿಂಗ್ ಬಿದ್ದುಹೋಗುತ್ತದೆ. ಬರೀ ಆರಿಸಿದರೆ, ತುಂಡು ಮಾಡಿದರೆ, ಜೋಡಿಸಿದರೆ ಅಥವಾ ಇದ್ದ ವೇರಿಯಬಲ್ ಒಳಗೇ ಬೆಲೆ ಬದಲಿಸಿದರೆ ಎನ್‌ಕೋಡಿಂಗ್ ಉಳಿದುಕೊಳ್ಳುತ್ತದೆ. ಹಾಗಾಗಿ "ಅವನಿಗೆ ಬರುತ್ತೆ, ನನಗೆ ಬರಲ್ಲ" ಅಂತ ಯಾರಾದರೂ ಹೇಳಿದರೆ ಮೊದಲು ಇದನ್ನೇ ನೋಡಿ.

ಪರಿಹಾರ ಸುಲಭ. ಸೇವ್ ಮಾಡುವ ಮುಂಚೆ ಹಳೆಯ ಎನ್‌ಕೋಡಿಂಗ್ ತೆಗೆದುಹಾಕಿ. 2023ರಿಂದ ಈಚಿನ ಎಕ್ಸ್‌ಅರೇಯಲ್ಲಿ ಅದಕ್ಕೆಂದೇ ಡ್ರಾಪ್ ಎನ್‌ಕೋಡಿಂಗ್ ಅಂತ ಇದೆ. ಹಳೆಯದರಲ್ಲಿ ಪ್ರತಿ ವೇರಿಯಬಲ್‌ನ ಎನ್‌ಕೋಡಿಂಗ್ ಡಿಕ್ಷನರಿಯನ್ನು ಖಾಲಿ ಮಾಡಿದರೆ ಸಾಕು. ಆಮೇಲೆ ಸೇವ್ ಮಾಡುವ ಸಾಲಿನಲ್ಲೇ ನಿಮಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿ: ಡಿಟೈಪ್ ಫ್ಲೋಟ್32 (4 ಬೈಟ್‌ನ ದಶಮಾಂಶ), ಝಡ್‌ಲಿಬ್ ಕಂಪ್ರೆಷನ್ (ಫೈಲ್ ಕುಗ್ಗಿಸುವ ವಿಧಾನ) ಆನ್. ಫ್ಲೋಟ್32 ಅಂದರೆ ಇಂಟ್16ರ ಎರಡರಷ್ಟು ಜಾಗ. ಆದರೆ ಮಳೆ ಡೇಟಾದಲ್ಲಿ ಸೊನ್ನೆಗಳೇ ಜಾಸ್ತಿ, ಕಂಪ್ರೆಷನ್‌ಗೆ ಚೆನ್ನಾಗಿ ಕುಗ್ಗುತ್ತದೆ. ಜಾಗ ಉಳಿಸಲೇಬೇಕು, ಇಂಟ್16 ಬೇಕೇ ಬೇಕು ಅಂದರೆ ಇಡೀ ವರ್ಷದ ಗರಿಷ್ಠ ನೋಡಿ ಹೊಸ ಸ್ಕೇಲ್ ಫ್ಯಾಕ್ಟರ್ ಲೆಕ್ಕ ಹಾಕಿ. ನಾನಂತೂ ಹಾಗೆ ಮಾಡುವುದಿಲ್ಲ. ಮುಂದಿನ ವರ್ಷದ ಡೇಟಾ ಸೇರಿಸುವಾಗ ಮತ್ತೆ ಇದೇ ಗೋಳು.

ಸುತ್ತಿ ಬಂದ ಅಂಕಿಯನ್ನು ವಾಪಸ್ ಪಡೆಯಬಹುದಾ ಅಂತ ಅವಳು ಕೇಳಿದಳು. ತಪ್ಪು ಫೈಲ್ ಒಂದೇ ಇದ್ದರೆ ಆಗುವುದಿಲ್ಲ. 0.68 ಅನ್ನುವುದು ನಿಜಕ್ಕೂ 0.68 ಇರಬಹುದು, 13.79 ಇರಬಹುದು, 26.89 ಇರಬಹುದು, 40 ಇರಬಹುದು. ಯಾವುದು ಅಂತ ಫೈಲ್ ಹೇಳುವುದಿಲ್ಲ. ಮೂಲ ಫೈಲುಗಳನ್ನು ಅಳಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಸೊನ್ನೆ ಬೇರೆ, ಮಾಹಿತಿ ಇಲ್ಲ ಅನ್ನುವುದು ಬೇರೆ

ಮೊಳಕಾಲ್ಮೂರು, ಚಳ್ಳಕೆರೆ ಕಡೆ ಸೊನ್ನೆ ಅನ್ನುವುದೂ ಒಂದು ಅಳತೆ. ಮಾಪಕ ಇತ್ತು, ಓದಿದರು, ಮಳೆ ಇರಲಿಲ್ಲ. ಮಾಪಕ ಕೆಟ್ಟಿತ್ತು ಅನ್ನುವುದು ಬೇರೆ ಮಾತು. ಎರಡನ್ನೂ ಸೊನ್ನೆ ಮಾಡಿದರೆ ಬರ ಇಲ್ಲದ ಕಡೆ ಬರ ಹುಟ್ಟುತ್ತದೆ.

ದಶಮಾಂಶ ಡಿಟೈಪ್‌ಗಳಲ್ಲಿ ಮಾಹಿತಿ ಇಲ್ಲ ಅನ್ನಲು ನ್ಯಾನ್ ಇದೆ. ಪೂರ್ಣಾಂಕಗಳಲ್ಲಿ ನ್ಯಾನ್ ಇಲ್ಲವೇ ಇಲ್ಲ. ನ್ಯಾನ್ ಇರುವ ಡೇಟಾವನ್ನು ಪೂರ್ಣಾಂಕವಾಗಿ ಸೇವ್ ಮಾಡಲು ಹೊರಟರೆ, ಅದಕ್ಕೆ ಬದಲಿಯಾಗಿ ಯಾವ ಅಂಕಿ ಇಡಬೇಕು ಅಂತ ಫಿಲ್ ವ್ಯಾಲ್ಯೂ ಹೇಳಿರಬೇಕು. ಹೇಳದಿದ್ದರೆ ಎಕ್ಸ್‌ಅರೇ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ನ್ಯಾನ್ ಇದ್ದ ಜಾಗದಲ್ಲಿ ಏನು ಬರುತ್ತದೆ ಅನ್ನುವುದು ಯಂತ್ರದ ಮೇಲೆ ನಿಂತಿದೆ. ಕೆಲವೊಮ್ಮೆ ಸೊನ್ನೆ, ಕೆಲವೊಮ್ಮೆ ದೊಡ್ಡ ಮೈನಸ್ ಅಂಕಿ. ಎಚ್ಚರಿಕೆಗಳನ್ನು ಬಾಯಿ ಮುಚ್ಚಿಸುವ ಸಾಲನ್ನು ಪ್ರೋಗ್ರಾಂ ಮೇಲೆ ಹಾಕಿಕೊಂಡಿದ್ದರೆ, ದಯವಿಟ್ಟು ಈಗಲೇ ತೆಗೆಯಿರಿ.

ಫಿಲ್ ವ್ಯಾಲ್ಯೂ ಸೊನ್ನೆ ಇಡಬೇಡಿ. ಇಟ್ಟರೆ ತಿರುಗಿ ಓದುವಾಗ ಒಣ ದಿನಗಳೆಲ್ಲ ಮಾಹಿತಿ ಇಲ್ಲದ ದಿನಗಳಾಗುತ್ತವೆ. −999 ಅಥವಾ −9999 ಇಡಿ.

ಭಾರತ ಹವಾಮಾನ ಇಲಾಖೆಯ 0.25 ಡಿಗ್ರಿ ಮಳೆ ಡೇಟಾ ಬಳಸುವವರಿಗೆ ಇಲ್ಲಿ ಒಂದು ಮಾತು. ಅದರಲ್ಲಿ ಮಾಹಿತಿ ಇಲ್ಲದ ಚೌಕಕ್ಕೆ −999 ಇರುತ್ತದೆ. ಅದರ ಬೈನರಿ ಫೈಲನ್ನು ನಂಪೈಯಲ್ಲಿ ನೀವೇ ಓದಿದರೆ −999ರ ಅರ್ಥ ಎಕ್ಸ್‌ಅರೇಗೆ ಯಾರೂ ಹೇಳಿರುವುದಿಲ್ಲ. ಸರಾಸರಿ ಮೈನಸ್ ಬರುತ್ತದೆ. ಮೊದಲು ಅದನ್ನು ನ್ಯಾನ್ ಮಾಡಿ, ಆಮೇಲೆ ಬೇರೆ ಕೆಲಸ. ಈ ಬೈನರಿ ಫೈಲಿನ ಡಿಟೈಪ್ ಸರಿಯಾಗಿ ಹಿಡಿದಿದ್ದೀರಾ ಅಂತ ಸೈಜ್ ನೋಡಿಯೇ ಹೇಳಬಹುದು. 135 × 129 ಚೌಕ, ಒಂದಕ್ಕೆ 4 ಬೈಟ್‌ನ ಫ್ಲೋಟ್32, 365 ದಿನ. ಒಟ್ಟು 2,54,25,900 ಬೈಟ್. ಫ್ಲೋಟ್64 ಅಂತ ಓದಿದರೆ ಅಂಕಿಗಳು ಅರ್ಧ ಬಂದು, ಆಕಾರ ಕೊಡುವಾಗ ಎರರ್ ಬರುತ್ತದೆ, ಗೊತ್ತಾಗುತ್ತದೆ. ಇಂಟ್32 ಅಂತ ಓದಿದರೆ? ಅದೂ 4 ಬೈಟೇ. ಸೈಜ್ ಸರಿಹೋಗುತ್ತದೆ, ಎರರ್ ಬರುವುದಿಲ್ಲ. ಆಗ ಎಲ್ಲೆಲ್ಲೂ −998653952 ಅನ್ನುವ ಅಂಕಿ ಕಾಣುತ್ತದೆ. ಅದು ಬೇರೇನೂ ಅಲ್ಲ, −999ರ ಬಿಟ್‌ಗಳನ್ನೇ ಪೂರ್ಣಾಂಕ ಅಂತ ಓದಿದ್ದು.

ತಾಲೂಕಿನ ಹೆಸರು ತುಂಡಾದಾಗ

ಕನ್ನಡದಲ್ಲಿ ಲೇಬಲ್ ಇಡುವವರು ಇದನ್ನು ಗಮನಿಸಲೇಬೇಕು. ಇಂಗ್ಲಿಷ್‌ನಲ್ಲಿ ಬರೆದ ಪಾಠಗಳಲ್ಲಿ ಇದು ಅಷ್ಟಾಗಿ ಸಿಗುವುದಿಲ್ಲ.

ನಂಪೈಗೆ ಹರಿಹರ, ಜಗಳೂರು ಅಂತ ಎರಡು ಹೆಸರು ಕೊಟ್ಟು ಅರೇ ಮಾಡಿದಿರಿ ಅಂದುಕೊಳ್ಳಿ. ಅದು ಉದ್ದದ ಹೆಸರು ಅಳೆದು, ಅಷ್ಟೇ ಅಗಲದ ಖಾನೆ ಮಾಡುತ್ತದೆ. ಜಗಳೂರು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರ್‌ಗೆ ಆರು: ಜ, ಗ, ಳ, ದೀರ್ಘ ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಡಿಟೈಪ್ ಯು6 ಆಗುತ್ತದೆ. ಆಮೇಲೆ ಇದೇ ಅರೇಯಲ್ಲಿ ಒಂದು ಹೆಸರು ಬದಲಿಸಿ ಮೊಳಕಾಲ್ಮೂರು ಅಂತ ಬರೆಯಿರಿ. ಅದಕ್ಕೆ ಹನ್ನೊಂದು ಬೇಕು. ಖಾನೆ ಇರುವುದು ಆರಕ್ಕೆ. ನಂಪೈ ಏನೂ ಹೇಳದೆ ಕತ್ತರಿಸಿ "ಮೊಳಕಾಲ" ಅಂತ ಇಡುತ್ತದೆ. ಚನ್ನಗಿರಿ "ಚನ್ನಗಿ" ಆಗುತ್ತದೆ. ಹೊನ್ನಾಳಿ "ಹೊನ್ನಾ" ಆಗುತ್ತದೆ. ಸೇವ್ ಮಾಡಿದ ಫೈಲಿನಲ್ಲೂ ಇದೇ ಹೋಗಿ ಕೂರುತ್ತದೆ. ನಂತರ ಹೊನ್ನಾಳಿ ಆರಿಸಲು ಹೋದರೆ ಕೀ ಎರರ್. ಹೆಸರುಗಳನ್ನು ಮೊದಲು ಪೈಥಾನ್ ಲಿಸ್ಟ್‌ನಲ್ಲೇ ಪೂರ್ತಿ ಸಿದ್ಧಮಾಡಿ, ಕೊನೆಗೆ ಅರೇ ಮಾಡಿದರೆ ಈ ಕಾಟ ಇಲ್ಲ.

ಹಳೆಯ ಕ್ಲಾಸಿಕ್ ಫೈಲಿನಲ್ಲಿ ಸ್ಟ್ರಿಂಗ್ ಅನ್ನುವ ಟೈಪೇ ಇಲ್ಲ. ಹೆಸರುಗಳನ್ನು ಬೈಟ್‌ಗಳ ಸಾಲಾಗಿ ಬಿಡಿಸಿ ಇಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಹಾಗಾಗಿ ಮೊಳಕಾಲ್ಮೂರು 33 ಬೈಟ್ ಆಗುತ್ತದೆ. ತಲೆಬರಹದಲ್ಲಿ ಸ್ಟ್ರಿಂಗ್33 ಅಂತ ಹೊಸ ಆಯಾಮ ಕಂಡರೆ ಗಾಬರಿ ಬೇಡ, ಅದು ಇದೇ. ಆದರೆ ಬೇರೆ ಸಾಧನದಲ್ಲಿ ನೀವೇ ಉದ್ದ ಕೊಡಬೇಕಾಗಿ ಬಂದರೆ 11 ಅಂತ ಕೊಡಬೇಡಿ. ಮೊದಲ ಮೂರು ಚಿಹ್ನೆ ದಾಟಿ, ನಾಲ್ಕನೆಯದರ ಮಧ್ಯದಲ್ಲೇ ಕತ್ತರಿ ಬೀಳುತ್ತದೆ. ಓದುವಾಗ ಡಿಕೋಡ್ ಎರರ್ ಬರುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಹೊನ್ನಾಳಿ, ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು. ಈ ನಾಲ್ಕರಲ್ಲೂ ಒತ್ವ ಇದೆ ನೋಡಿ. ಯುನಿಕೋಡ್‌ನಲ್ಲಿ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಊಕಾರ ಸೇರಿಸಿ ಎರಡು ಚಿಹ್ನೆಯಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹೋಲಿಸಿದರೆ ಬೇರೆ ಬೇರೆ. ಒಂದು ಡೇಟಾಸೆಟ್ ಹೀಗೆ, ಇನ್ನೊಂದು ಹಾಗೆ ಇದ್ದು, ಎರಡನ್ನೂ ಕೂಡಿಸಿದರೆ ಎಕ್ಸ್‌ಅರೇ ಎರಡರಲ್ಲೂ ಇರುವ ಲೇಬಲ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹನ್ನೆರಡು ತಾಲೂಕು ಎಂಟಾಗುತ್ತದೆ. ಬಿಟ್ಟುಹೋದದ್ದು ಇವೇ ನಾಲ್ಕು ಆಗಿದ್ದರೆ ಕಾರಣ ಬೇರೆ ಹುಡುಕಬೇಕಿಲ್ಲ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಝ್ ಇದೆ. ಎಲ್ಲ ಲೇಬಲ್‌ಗಳನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒತ್ವ ಒಂದೇ ಚಿಹ್ನೆಯಾಗಿರುವ ರೂಪಕ್ಕೆ ತನ್ನಿ.

ಅಂಕಿ ಅಂತ ಅಂದುಕೊಂಡದ್ದು ಅಂಕಿ ಆಗಿರದಿದ್ದರೆ

ಸೇವ್ ಮಾಡುವಾಗ ಡಿಟೈಪ್ ತಿಳಿಯುತ್ತಿಲ್ಲ ಅಂತ ಎರರ್ ಬಂದರೆ, ಬಹುಪಾಲು ಸಲ ಆ ವೇರಿಯಬಲ್ ಆಬ್ಜೆಕ್ಟ್ ಆಗಿರುತ್ತದೆ, ಅಂದರೆ ಅಂಕಿ, ಅಕ್ಷರ ಏನು ಬೇಕಾದರೂ ಇರಬಹುದಾದ ಡಿಟೈಪ್. ಸಿಎಸ್‌ವಿಯಲ್ಲಿ ಮಳೆಯ ಕಾಲಂ ಪೂರ್ತಿ ಅಂಕಿ ಇದ್ದು, ಒಂದೇ ಒಂದು ಕಡೆ ಯಾರೋ ಅಡ್ಡಗೆರೆ ಎಳೆದಿದ್ದರೂ ಸಾಕು, ಅಥವಾ "ಮಾಹಿತಿ ಇಲ್ಲ" ಅಂತ ಬರೆದಿದ್ದರೂ ಸಾಕು. ಪಟ್ಟಿಗಳನ್ನು ಓದುವ ಪಾಂಡಾಸ್ ಲೈಬ್ರರಿ ಇಡೀ ಕಾಲಮನ್ನು ಅಂಕಿ ಅಂತ ಒಪ್ಪುವುದಿಲ್ಲ.

ಒಬ್ಬರು ತಂದ ಪಟ್ಟಿಯಲ್ಲಿ ಕೆಲವು ಸಾಲು ಕನ್ನಡ ಅಂಕಿಯಲ್ಲಿತ್ತು, ೧೨.೫ ಅಂತ. ಹಳೆಯ ರಿಜಿಸ್ಟರ್ ನೋಡಿಕೊಂಡು ಇದ್ದ ಹಾಗೇ ಟೈಪ್ ಮಾಡಿದ್ದರು. ಅವರದ್ದೇನೂ ತಪ್ಪಿಲ್ಲ. ಪಾಂಡಾಸ್ ಸಿಎಸ್‌ವಿ ಓದುವಾಗ ಕನ್ನಡ ಅಂಕಿಯನ್ನು ಅಕ್ಷರ ಅಂತಲೇ ತಿಳಿಯುತ್ತದೆ. ಆದರೆ ಪೈಥಾನ್‌ನ ಫ್ಲೋಟ್‌ಗೆ ೧೨.೫ ಕೊಟ್ಟು ನೋಡಿ, ಸರಿಯಾಗಿ 12.5 ಅಂತ ಕೊಡುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಬಹಳ ಖುಷಿಯಾಗಿತ್ತು. ಒಂದೊಂದು ಬೆಲೆಯನ್ನೂ ಅದರ ಮೂಲಕ ಹಾಯಿಸಿದರೆ ಕೆಲಸ ಮುಗಿಯಿತು.

ಬಲವಂತವಾಗಿ ಅಂಕಿ ಮಾಡಿ, ಆಗದ್ದನ್ನು ನ್ಯಾನ್ ಮಾಡಿ ಅಂತ ಪಾಂಡಾಸ್‌ಗೆ ಹೇಳುವ ದಾರಿಯೂ ಇದೆ. ಬಳಸಿ, ಆದರೆ ಮುಂಚೆ ಎಷ್ಟು ಖಾಲಿ ಇದ್ದವು, ಆಮೇಲೆ ಎಷ್ಟು ಅಂತ ಎಣಿಸಿ. ವ್ಯತ್ಯಾಸ ಬಂದ ಸಾಲುಗಳನ್ನು ಕಣ್ಣಲ್ಲಿ ನೋಡಿ. ಸುಮ್ನೆ ಹಾಯಿಸಿಬಿಟ್ಟರೆ ೧೨.೫ ಕೂಡ ನ್ಯಾನ್ ಆಗಿ ಹೋಗಿರಬಹುದು.

ಲ್ಯಾಬ್‌ನಲ್ಲಿ ಆಗುತ್ತೆ, ಮನೆಯಲ್ಲಿ ಆಗಲ್ಲ

ಒಂದೇ ಪ್ರೋಗ್ರಾಂ ಒಂದು ಕಂಪ್ಯೂಟರ್‌ನಲ್ಲಿ ಸೇವ್ ಮಾಡುತ್ತದೆ, ಇನ್ನೊಂದರಲ್ಲಿ ಇಂಟ್64ನ್ನು ಇಂಟ್32ಕ್ಕೆ ಸುರಕ್ಷಿತವಾಗಿ ಇಳಿಸಲು ಆಗುವುದಿಲ್ಲ ಅಂತ ನಿಲ್ಲುತ್ತದೆ. ಇದು ಎಂಜಿನ್, ಅಂದರೆ ಎಕ್ಸ್‌ಅರೇ ಪರವಾಗಿ ಫೈಲ್ ಬರೆಯುವ ಲೈಬ್ರರಿಯ ವಿಷಯ. ನೆಟ್‌ಸಿಡಿಎಫ್4 ಲೈಬ್ರರಿಯಾಗಲಿ ಎಚ್5ನೆಟ್‌ಸಿಡಿಎಫ್ ಆಗಲಿ ಇಲ್ಲದ ಕಡೆ ಎಕ್ಸ್‌ಅರೇ ಸೈಪೈ ಮೂಲಕ ಬರೆಯುತ್ತದೆ. ಸೈಪೈ ಬರೆಯುವುದು ಹಳೆಯ ಕ್ಲಾಸಿಕ್ ಬಗೆಯನ್ನು ಮಾತ್ರ. ಅದರಲ್ಲಿ ಇಂಟ್64 ಇಲ್ಲ. ಬೆಲೆಗಳು 2147483647ರ ಒಳಗಿದ್ದರೆ ಸದ್ದಿಲ್ಲದೆ ಇಂಟ್32 ಮಾಡಿಬಿಡುತ್ತದೆ. ಮೀರಿದರೆ ಎರರ್. ಮಳೆಮಾಪಕಗಳಿಗೆ ಹತ್ತಂಕಿಯ ಕೋಡ್ ಇಟ್ಟುಕೊಂಡವರಿಗೆ ಇದು ತಗಲುತ್ತದೆ. ನೆಟ್‌ಸಿಡಿಎಫ್4 ಇನ್‌ಸ್ಟಾಲ್ ಮಾಡಿ, ಸೇವ್ ಮಾಡುವಾಗ ಎಂಜಿನ್ ಹೆಸರು ಬರೆಯಿರಿ. ಕೋಡ್‌ಗಳನ್ನು ಸ್ಟ್ರಿಂಗ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಕೋಡ್ ಅನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಅಲ್ವಾ? ಅಂಕಿ ಆಗಿ ಇಡುವ ಅಗತ್ಯವೇ ಇಲ್ಲ. ಫ್ಲೋಟ್32 ಆಗಿ ಇಟ್ಟರಂತೂ 16777216 ದಾಟಿದ ಪೂರ್ಣಾಂಕಗಳಲ್ಲಿ ಕೊನೆಯ ಅಂಕಿಗಳು ಬದಲಾಗುತ್ತವೆ. ಎರಡು ಮಾಪಕಗಳ ಕೋಡ್ ಒಂದೇ ಆಗಿಬಿಡಬಹುದು.

ಟ್ರೂ, ಫಾಲ್ಸ್ ಅನ್ನುವ ಬೂಲ್ ಅರೇ ಇಂಟ್8 ಆಗಿ ಹೋಗುತ್ತದೆ. ಎಕ್ಸ್‌ಅರೇಯಲ್ಲೇ ತೆರೆದರೆ ಬೂಲ್ ಆಗಿಯೇ ಬರುತ್ತದೆ, ಬೇರೆ ಕಡೆ ತೆರೆದರೆ 0, 1 ಕಾಣುತ್ತದೆ. ಆದರೆ ಆ್ಯಟ್ರಿಬ್ಯೂಟ್‌ಗಳಲ್ಲಿ ಟ್ರೂ, ನನ್, ಡಿಕ್ಷನರಿ ಇಡಲು ಹೋಗಬೇಡಿ. ಸೇವ್ ಮಾಡುವಾಗ ನಿಂತುಹೋಗುತ್ತದೆ. ಅಲ್ಲಿ ಅಂಕಿ ಅಥವಾ ಅಕ್ಷರ ಮಾತ್ರ.

ರೇಖಾಂಶ ಒಂದೇ, ಆದರೂ ಉತ್ತರ ಖಾಲಿ

ಚಿತ್ರದುರ್ಗದ ಹತ್ತಿರದ ರೇಖಾಂಶ 76.4 ತೆಗೆದುಕೊಳ್ಳಿ. ಫ್ಲೋಟ್32 ಆಗಿ ಸೇವ್ ಮಾಡಿದರೆ ಅದು 76.4000015 ಆಗುತ್ತದೆ. ಇನ್ನೊಂದು ಡೇಟಾಸೆಟ್‌ನಲ್ಲಿ ಫ್ಲೋಟ್64ರ 76.4 ಇದೆ. ಎರಡನ್ನೂ ಕಳೆದರೆ ಲೇಬಲ್ ಹೊಂದುವುದಿಲ್ಲ, ಉತ್ತರದಲ್ಲಿ ಆ ರೇಖಾಂಶದ ಒಂದೂ ಚೌಕ ಉಳಿಯುವುದಿಲ್ಲ. ಎರರ್ ಇಲ್ಲ, ಸೈಜ್ ಸೊನ್ನೆ. 0.25 ಡಿಗ್ರಿ ಜಾಲದಲ್ಲಿ ಈ ತೊಂದರೆ ಬರುವುದಿಲ್ಲ. 76.25, 76.5 ಇವೆಲ್ಲ ಎರಡೂ ಡಿಟೈಪ್‌ನಲ್ಲಿ ಕರಾರುವಾಕ್ಕಾಗಿ ಕೂರುತ್ತವೆ. 0.1 ಡಿಗ್ರಿ ಜಾಲಕ್ಕೆ ಹೋದ ದಿನವೇ ಬರುತ್ತದೆ. ಅಕ್ಷಾಂಶ, ರೇಖಾಂಶಗಳನ್ನು ಫ್ಲೋಟ್64ಕ್ಕೆ ತಂದು, ಎರಡೂ ಕಡೆ ನಾಲ್ಕು ದಶಮಾಂಶಕ್ಕೆ ದುಂಡಾಗಿಸಿ. ಅಳತೆಗೆ ಫ್ಲೋಟ್32 ಸಾಕು, ಲೇಬಲ್‌ಗೆ ಸಾಲದು.

ಸಮಯದ ಡಿಟೈಪ್ ಬಗ್ಗೆ ಎರಡೇ ಮಾತು. ನಮ್ಮಲ್ಲಿ ದಿನದ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ದಿನಗಳ ಲೆಕ್ಕದ ಎನ್‌ಕೋಡಿಂಗ್ ಹಳೆಯ ಫೈಲಿನಿಂದ ಉಳಿದುಕೊಂಡು, ಪೂರ್ಣಾಂಕವೂ ಆಗಿದ್ದರೆ, 8:30ಕ್ಕೆ ಅಲ್ಲಿ ಜಾಗ ಇಲ್ಲ. ಹೊಸ ಆವೃತ್ತಿಗಳು ಎಚ್ಚರಿಸಿ ಘಟಕ ಬದಲಿಸುತ್ತವೆ, ಹಳೆಯವು ಗಂಟೆಯನ್ನೇ ನುಂಗುತ್ತಿದ್ದವು. ಘಟಕವನ್ನು ನಿಮಿಷ ಅಂತ ನೀವೇ ಕೊಡಿ. ಇನ್ನು, ಸಾಲಾಗಿ ಎಷ್ಟು ದಿನ ಮಳೆ ಇರಲಿಲ್ಲ ಅನ್ನುವ ಲೆಕ್ಕಕ್ಕೆ ಯೂನಿಟ್ಸ್ ಅಂತ "ಡೇಸ್" ಬರೆದು ಸೇವ್ ಮಾಡಿದರೆ, ತೆರೆದಾಗ 17 ಅನ್ನುವ ಅಂಕಿ 17 ದಿನಗಳ ಟೈಮ್‌ಡೆಲ್ಟಾ (ಕಾಲಾವಧಿ) ಆಗಿ ಬರಬಹುದು. ಸರಾಸರಿ ತೆಗೆದರೆ ನ್ಯಾನೋಸೆಕೆಂಡ್ ಕಾಣುತ್ತದೆ. ತೆರೆಯುವಾಗ ಡಿಕೋಡ್ ಟೈಮ್‌ಡೆಲ್ಟಾ ಫಾಲ್ಸ್ ಕೊಡಿ.

ಹುಡುಗಿಯ ಫೈಲಿಗೆ ವಾಪಸ್ ಬರುತ್ತೇನೆ. ಎನ್‌ಕೋಡಿಂಗ್ ತೆಗೆದು, ಫ್ಲೋಟ್32 ಅಂತ ಬರೆದು, ಬೇರೆ ಹೆಸರಲ್ಲಿ ಸೇವ್ ಮಾಡಿಸಿದೆ. ಪೈಥಾನ್ ಮುಚ್ಚಿ ತೆರೆದೆವು. ಹನ್ನೆರಡು ಮೂಲ ಫೈಲುಗಳ ಜೊತೆ ಒಂದೊಂದಾಗಿ ಕಳೆದು, ಅತಿ ಹೆಚ್ಚಿನ ವ್ಯತ್ಯಾಸ ಪ್ರಿಂಟ್ ಮಾಡಿದೆವು. ಎಲ್ಲ ತಿಂಗಳಿಗೂ ಮಿಲಿಮೀಟರ್‌ನ ಸಾವಿರದ ಒಂದು ಭಾಗಕ್ಕಿಂತ ಕಮ್ಮಿ. ನ್ಯಾನ್‌ಗಳ ಎಣಿಕೆ ಎರಡೂ ಕಡೆ ಒಂದೇ. ಚಳ್ಳಕೆರೆಯ ಆ ದಿನ ತೆಗೆದು ನೋಡಿದಳು: 40.0.

ಆಮೇಲೆ ಅವಳಿಗೆ ನೆನಪಾಯಿತು, ಹಳೆಯ ಫೈಲನ್ನು ಇಬ್ಬರು ಗೆಳತಿಯರಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಳು. ಒಬ್ಬಳು ಅದನ್ನೇ ಇಟ್ಟುಕೊಂಡು ಮೆಕ್ಕೆಜೋಳದ ಇಳುವರಿ ಲೆಕ್ಕ ಶುರು ಮಾಡಿದ್ದಳಂತೆ. ಅಲ್ಲೇ ಕೂತು ಇಬ್ಬರಿಗೂ ಫೋನ್ ಮಾಡಿ, ಹಳೆಯದನ್ನು ಅಳಿಸಲು ಹೇಳಿ, ಹೊಸ ಫೈಲ್ ಕಳಿಸಿಯೇ ಬಸ್ ಹತ್ತಿದಳು.